ನೂರೆಂಟರ ವೇಷ

ಮೂವತ್ತು ದಾಟಿದ, ಸಂಬಳ, ಇಎಂಐ, ಮಗಳ ಸ್ಕೂಲ್ ಫೀಸು ಎಲ್ಲಾ ಇರುವ ಒಬ್ಬ ಮನುಷ್ಯ ಶನಿವಾರ ಸಂಜೆ ನಾಲ್ಕು ಜನರನ್ನು ಸುತ್ತ ಕೂರಿಸಿಕೊಂಡು ರೋಬೋಟ್ ಆಟ ಆಡ್ತಾನೆ ಅಂದರೆ ನಮ್ಮೂರಲ್ಲಿ ಯಾರೂ ನಂಬೋದಿಲ್ಲ. ನಂಬಿದರೆ ಮರ್ಯಾದೆ ಕೊಡೋದಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಸರಿ ತಪ್ಪುಗಳ ಬಗ್ಗೆ ನಾನು ನೆಟ್ಟಗೆ ಕೂತು ಯೋಚನೆ ಮಾಡಿದ್ದು ಅಂತ ಏನಾದರೂ ಇದ್ದರೆ ಅದರಲ್ಲಿ ಅರ್ಧ ಹುಟ್ಟಿದ್ದು ಆ ಮೇಜಿನ ಮೇಲೆ. ಹಾಗಾಗಿ ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ, ಗೊತ್ತಿರುವವರು ಎರಡು ಪ್ಯಾರಾ ಹಾರಿಸಿಕೊಂಡು ಹೋಗಬಹುದು.

ಇದಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂತ ಒಂದು ಆಟ ಪ್ರಕಟಿಸಿದರು. ಅದು ಈ ಜಾತಿಯ ಆಟಗಳ ಅಜ್ಜ. ಕಂಪ್ಯೂಟರ್ ಬೇಕಿಲ್ಲ. ಪೆನ್ಸಿಲ್ಲು, ಹಾಳೆ, ನಾನಾ ಮುಖದ ದಾಳಗಳು, ಒಂದು ನಿಯಮದ ಪುಸ್ತಕ. ಒಬ್ಬ ಗೇಮ್ ಮಾಸ್ಟರ್ ಇರ್ತಾನೆ. ಯಕ್ಷಗಾನದ ಭಾಗವತರ ಹಾಗೆ ಕಥೆ ನಡೆಸುವುದು ಅವನ ಕೆಲಸ, ಶತ್ರುಗಳ ಮಾತನ್ನೂ ಅವನೇ ಆಡಬೇಕು. ಉಳಿದವರು ಒಂದೊಂದು ಪಾತ್ರ. “ನೀವು ಸೇತುವೆ ಹತ್ತಿರ ಬಂದಿದ್ದೀರಿ, ಆ ಕಡೆ ಕಾವಲಿದೆ, ಏನ್ಮಾಡ್ತೀರಿ?” ಅಂತ ಅವನು ಕೇಳಬೇಕು, ಇವರು ಹೇಳಬೇಕು. ಆಗುತ್ತೋ ಇಲ್ಲವೋ ಅನುಮಾನ ಇದ್ದರೆ ದಾಳ.

ನಾವು ಆಡೋದು ಟ್ರಾನ್ಸ್‌ಫಾರ್ಮರ್ಸ್ ರೋಲ್‌ಪ್ಲೇಯಿಂಗ್ ಗೇಮ್, 2022ರಲ್ಲಿ ರೆನಗೇಡ್ ಗೇಮ್ ಸ್ಟುಡಿಯೋಸ್ ಹೊರತಂದದ್ದು. ಇಪ್ಪತ್ತು ಮುಖದ ದಾಳದ ಜೊತೆಗೆ ನಿಮ್ಮ ಕೌಶಲಕ್ಕೆ ತಕ್ಕ ಇನ್ನೊಂದು ದಾಳ ಹಾಕಬೇಕು, ಎರಡೂ ಕೂಡಿಸಿದ್ದು ಗೊತ್ತುಪಡಿಸಿದ ಅಂಕಿ ಮುಟ್ಟಿದರೆ ಗೆದ್ದಿರಿ. ಪರಿಸ್ಥಿತಿ ನಿಮ್ಮ ಕಡೆಗಿದ್ದರೆ ಇಪ್ಪತ್ತರ ದಾಳವನ್ನು ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ನಿಮ್ಮ ಪಾತ್ರ ಒಂದು ಲೋಹದ ಜೀವಿ, ಎರಡು ರೂಪ. ಒಂದು ರೋಬೋಟ್, ಇನ್ನೊಂದು ಕಾರೋ ಲಾರಿಯೋ ವಿಮಾನವೋ. ಸೈಬರ್‌ಟ್ರಾನ್ ಅನ್ನುವ ಗ್ರಹದಲ್ಲಿ ಶುರುವಾದ ಅಂತರ್ಯುದ್ಧ ಭೂಮಿಗೆ ಬಂದಿದೆ. ಆಟೋಬಾಟ್‌ಗಳು ಒಳ್ಳೆಯವರು, ಡೆಸೆಪ್ಟಿಕಾನ್‌ಗಳು ಕೆಟ್ಟವರು.

ನಾನು ಇವರನ್ನು ಮೊದಲು ನೋಡಿದ್ದು 2007ರ ಸಿನಿಮಾದಲ್ಲಿ, ಬಿಇ ಓದುವಾಗ. ನಮ್ಮೂರಿಗೆ ಆ ಆಟಿಕೆಗಳು ಬಂದಿರಲಿಲ್ಲ, ಬಂದಿದ್ದರೂ ಅಪ್ಪ ಕೊಡಿಸ್ತಿರಲಿಲ್ಲ. ಹಾಗಾಗಿ ಬಾಲ್ಯದ ಮಮಕಾರ ನನಗಿಲ್ಲ. ಹೊರಗಿನವನಾಗಿ ನೋಡಿದ್ದರಿಂದಲೋ ಏನೋ, ಬಾಲ್ಯದಿಂದ ನೋಡಿದವರು ಅಷ್ಟಾಗಿ ಗಮನಿಸದ ಒಂದು ವಿಚಾರ ನನ್ನ ಕಣ್ಣಿಗೆ ಬಿತ್ತು.

ಈ ಕಥೆಯ ಹುಟ್ಟು ಸ್ವಲ್ಪ ತಮಾಷೆಯದ್ದು. ಜಪಾನಿನ ತಕಾರಾ ಕಂಪನಿ 80ರ ದಶಕದ ಮೊದಲಿಗೆ ಡಯಾಕ್ಲೋನ್, ಮೈಕ್ರೋ ಚೇಂಜ್ ಅಂತ ಎರಡು ಸಾಲು ಆಟಿಕೆ ಮಾಡ್ತಿತ್ತು. ಡಯಾಕ್ಲೋನ್ ಅಂದರೆ ಒಳಗೆ ಪುಟ್ಟ ಮನುಷ್ಯನನ್ನು ಕೂರಿಸಿ ಓಡಿಸುವ ಯಂತ್ರ. ಅದಕ್ಕೆ ಸ್ವಂತ ಜೀವ ಇರಲಿಲ್ಲ, ಪಕ್ಷವಂತೂ ಇಲ್ಲವೇ ಇಲ್ಲ. ಅಮೆರಿಕದ ಹ್ಯಾಸ್ಬ್ರೋ ಇವನ್ನು ತಗೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರಾಟಕ್ಕಿಟ್ಟಿತು. ಕಥೆ ಕಟ್ಟುವ ಕೆಲಸ ಮಾರ್ವೆಲ್ ಕಾಮಿಕ್ಸ್‌ಗೆ ಹೋಯಿತು, ಅಲ್ಲಿ ಬಾಬ್ ಬುಡಿಯಾನ್ಸ್ಕಿ ಅನ್ನುವವರು ಬಹುಪಾಲು ರೋಬೋಟುಗಳಿಗೆ ಹೆಸರು, ಗುಣ, ಸ್ವಭಾವ ಬರೆದರು. ಅಂದರೆ ದೇಹ ಮೊದಲು ಬಂತು, ಆತ್ಮ ಆಮೇಲೆ. ಪಕ್ಷವನ್ನು ಸ್ಥೂಲವಾಗಿ ದೇಹ ನೋಡಿಯೇ ಹಂಚಿದರು. ಕಾರು, ವ್ಯಾನು, ಲಾರಿ ಆಗುವವರು ಒಳ್ಳೆಯವರು. ಬಂದೂಕು, ಯುದ್ಧವಿಮಾನ ಆಗುವವರು ಕೆಟ್ಟವರು. ಆಪ್ಟಿಮಸ್ ಪ್ರೈಮ್ ಲಾರಿ, ಬಂಬಲ್‌ಬೀ ಫೋಕ್ಸ್‌ವ್ಯಾಗನ್ ಬೀಟಲ್, ಪ್ರೌಲ್ ಪೊಲೀಸ್ ಕಾರು, ರಾಚೆಟ್ ಆಂಬುಲೆನ್ಸು. ಅತ್ತ ಕಡೆ ಮೆಗಾಟ್ರಾನ್ ವಾಲ್ಟರ್ ಪಿ38 ಪಿಸ್ತೂಲು, ಸ್ಟಾರ್‌ಸ್ಕ್ರೀಮ್ ಎಫ್-15 ಯುದ್ಧವಿಮಾನ.

ಈಗ ಈ ಪಟ್ಟಿಯನ್ನು ಇನ್ನೊಂದ್ಸಲ ನೋಡಿ. ಮಾರುವೇಷದಲ್ಲಿ ಇರೋರು ಯಾರು?

ಡೆಸೆಪ್ಟಿಕಾನ್ ಅನ್ನುವ ಹೆಸರಿನಲ್ಲೇ ವಂಚನೆ ಅನ್ನುವ ಇಂಗ್ಲಿಷ್ ಪದ ಅಡಗಿ ಕೂತಿದೆ. ಆದರೆ ಅವರ ಪಿಸ್ತೂಲು ಪಿಸ್ತೂಲಿನ ಹಾಗೇ ಕಾಣ್ತದೆ. ಯುದ್ಧವಿಮಾನ ಬರ್ತಿದ್ದರೆ ಜನ ಓಡಿ ಹೋಗ್ತಾರೆ, ಓಡಬೇಕಾದ್ದೇ. ಕ್ಯಾಸೆಟ್ ಪ್ಲೇಯರ್ ಆಗುವ ಸೌಂಡ್‌ವೇವ್ ಒಬ್ಬನನ್ನು ಬಿಡಿ, ಅವನ ಕೆಲಸವೇ ಬೇಹುಗಾರಿಕೆ. (2007ರ ಸಿನಿಮಾದಲ್ಲಿ ಕೆಟ್ಟವನೊಬ್ಬ ಪೊಲೀಸ್ ಕಾರಾಗಿ ಬಂದ. ಅಷ್ಟು ಹೊತ್ತಿಗೆ ಕಥೆ ಬರೆಯುವವರಿಗೂ ಈ ವಿಚಾರ ಹೊಳೆದಿತ್ತು ಅನ್ಸುತ್ತೆ.) ರಸ್ತೆ ಬದಿ ನಿಂತ ಸಾಧಾರಣ ಕಾರು, ದಾರಿ ಬಿಟ್ಟುಕೊಡಬೇಕಾದ ಆಂಬುಲೆನ್ಸು, ನಾವು ನಂಬಿ ಹತ್ತಿರ ಹೋಗುವ ಪೊಲೀಸ್ ವ್ಯಾನು, ಇಂಥವುಗಳ ಒಳಗಿಂದ ಫಿರಂಗಿ ಹೊರಗೆ ಬರೋದು ಹೆಚ್ಚಾಗಿ ಒಳ್ಳೆಯವರ ಕಡೆ. ಟಿವಿಯಲ್ಲಿ ನೋಡುವಾಗ ಇದು ತಲೆಗೆ ಬರೋದಿಲ್ಲ. ಯಾಕಂದರೆ ಅಲ್ಲಿ ಕಥೆ ಬರೆದವನು ಮುಂದಿನ ದೃಶ್ಯಕ್ಕೆ ಹೋಗಿಬಿಟ್ಟಿರ್ತಾನೆ. ಮೇಜಿನ ಆಟದಲ್ಲಿ ಮುಂದಿನ ದೃಶ್ಯ ತಾನಾಗಿ ಬರೋದಿಲ್ಲ. “ಆಮೇಲೇನಾಯ್ತು?” ಅಂತ ಯಾರಾದರೂ ಕೇಳಿದರೆ ಗೇಮ್ ಮಾಸ್ಟರ್ ಆದವನು ಉತ್ತರ ಕೊಡಲೇಬೇಕು.

ನಮ್ಮ ಗುಂಪಲ್ಲಿ ಒಬ್ಬ ಆಂಬುಲೆನ್ಸ್ ಆಗುವ ರೋಬೋಟ್ ಮಾಡಿಕೊಂಡು, ಅದಕ್ಕೆ ‘ನೂರೆಂಟು’ ಅಂತ ಹೆಸರಿಟ್ಟ. ಕರ್ನಾಟಕದವರಿಗೆ ವಿವರಿಸಬೇಕಿಲ್ಲ. 2008ರಲ್ಲಿ ಆರೋಗ್ಯ ಕವಚ ಶುರುವಾದ ಮೇಲೆ 108 ಅನ್ನೋದು ನಮ್ಮ ಹಳ್ಳಿಗಳಲ್ಲಿ ಬರೀ ಫೋನ್ ನಂಬರಲ್ಲ. “ನೂರೆಂಟು ಬಂತು” ಅಂದರೆ ಗಾಡಿ ಎತ್ತು ಪಕ್ಕಕ್ಕೆಳೆದು ದಾರಿ ಬಿಡ್ತಾರೆ, ಯಾರ ಮನೆ ಅಂತ ಗೊತ್ತಿಲ್ಲದಿದ್ದರೂ ಹುಡುಗರು ಬೈಕಿನಲ್ಲಿ ಮುಂದೆ ಹೋಗಿ ದಾರಿ ತೋರಿಸ್ತಾರೆ. ಎರಡು ಪಾರ್ಟಿಯವರು ಮುಖ ನೋಡದ ಊರಲ್ಲೂ ಆ ಬಿಳಿ ಗಾಡಿಗೆ ಪಾರ್ಟಿ ಇಲ್ಲ.

ಕಥೆ ಹೀಗಿತ್ತು. ಡೆಸೆಪ್ಟಿಕಾನ್‌ಗಳು ಒಂದು ಜಲವಿದ್ಯುತ್ ಕೇಂದ್ರ ಹಿಡಿದುಕೊಂಡಿದ್ದಾರೆ. ಒಳಗೆ ಗಾಯಗೊಂಡ ಕೆಲಸಗಾರರಿದ್ದಾರೆ. ಅವರು ಸತ್ತರೆ ಟರ್ಬೈನ್ ನಡೆಸೋರಿಲ್ಲ, ಹಾಗಾಗಿ ಶತ್ರುಗಳು ಸೇತುವೆ ಮೇಲೆ ಆಂಬುಲೆನ್ಸುಗಳನ್ನು ಮಾತ್ರ ಬಿಡ್ತಿದ್ದಾರೆ. ದಯೆ ಅಲ್ಲ, ಲೆಕ್ಕಾಚಾರ. ನೂರೆಂಟು ಮೂರನೇ ಆಂಬುಲೆನ್ಸಾಗಿ ಸಾಲಲ್ಲಿ ಸೇರಿಕೊಂಡ, ಕಾವಲಿನ ಪಕ್ಕಕ್ಕೆ ಬಂದ, ರೂಪ ಬದಲಿಸಿದ, ಹೊಡೆದ. ಯಾರಿಗೂ ಅನುಮಾನ ಬಂದಿರಲಿಲ್ಲವಾದ್ದರಿಂದ ದಾಳ ಎರಡು ಸಲ ಹಾಕುವ ಅವಕಾಶ. ಹತ್ತೊಂಬತ್ತು ಬಿತ್ತು. ಮೇಜು ಕುಟ್ಟಿ ಕೂಗಾಡಿದರು, ಪಕ್ಕದ ಫ್ಲಾಟಿನವರು ಗೋಡೆ ತಟ್ಟಿದರು.

ಗಲಾಟೆ ನಿಂತ ಮೇಲೆ ಟೆಸ್ಟಿಂಗ್ ಕೆಲಸದಲ್ಲಿರುವ ಒಬ್ಬ ಗೆಳತಿ ಕೇಳಿದಳು: “ನಾಳೆ ಬೆಳಿಗ್ಗೆ ನಿಜವಾದ ಆಂಬುಲೆನ್ಸ್ ಬಂದರೆ?” ಟೆಸ್ಟಿಂಗ್‌ನವರ ಬುದ್ಧಿಯೇ ಅದು, ಎಲ್ಲಾ ಕೆಲಸ ಮಾಡ್ತಿದೆ ಅಂತ ನಾವು ಖುಷಿಯಲ್ಲಿರುವಾಗ ಅವರಿಗೆ ಮುಂದಿನ ಇನ್‌ಪುಟ್ ಕಾಣ್ತಿರುತ್ತೆ.

ನಾನು ಯೋಚಿಸಿ ಹೇಳಿದೆ. ಅದು ಸೇತುವೆಗೆ ಬರುವ ಮುಂಚೆಯೇ, ನೂರು ಮೀಟರ್ ದೂರದಲ್ಲೇ ಸುಟ್ಟು ಹೋಯಿತು. ಒಳಗೆ ಡ್ರೈವರ್ರು, ನರ್ಸು ಇದ್ದರು.

ಆಟ ಅಲ್ಲಿಗೆ ನಿಂತಿತು, ವಾದ ಮೂರು ವಾರ ನಡೀತು. ನೂರೆಂಟರ ಆಟಗಾರ ಸಿಟ್ಟಾಗಿದ್ದ. ಅವನ ವಾದ ಬಲವಾದದ್ದೇ: “ಆಂಬುಲೆನ್ಸಿಗೆ ಹೊಡೆದೋರು ಯಾರು? ಅವರು. ನಾನು ಹೊಡೆದದ್ದು ಆಯುಧ ಹಿಡಿದ ಶತ್ರುವಿಗೆ. ಅವರ ಪಾಪ ನನ್ನ ತಲೆಗೆ ಯಾಕೆ?”

ಅವರ ಪಾಪ ಅವರದ್ದೇ, ಪೂರ್ತಿ ಅವರದ್ದೇ. ಆಂಬುಲೆನ್ಸಿಗೆ ಗುಂಡು ಹಾರಿಸುವವನಿಗೆ ಯಾವ ನೆವವೂ ಇಲ್ಲ. ಆದರೆ ಪಾಪ ಅನ್ನೋದು ಅಣ್ಣತಮ್ಮಂದಿರ ಜಮೀನಲ್ಲ, ಒಬ್ಬನಿಗೆ ಹೆಚ್ಚು ಹೋದರೆ ಇನ್ನೊಬ್ಬನಿಗೆ ಕಡಿಮೆ ಬರೋಕೆ. ಹೊಡೆದವನ ಪಾಲು ಎಳ್ಳಷ್ಟೂ ಇಳಿಯದೆ ವೇಷ ಹಾಕಿದವನಿಗೂ ಒಂದು ಪಾಲು ಇರಬಹುದು. ಆ ಪಾಲು ಯಾವುದು ಅನ್ನೋದೇ ಪ್ರಶ್ನೆ.

ನನಗೆ ಹೊಳೆಯೋದು ಇಷ್ಟು. ಮೋಸದ ಲೆಕ್ಕ ಹಾಕುವಾಗ ನಾವು ಸಾಮಾನ್ಯವಾಗಿ ಇಬ್ಬರನ್ನೇ ನೋಡ್ತೀವಿ, ಮೋಸ ಮಾಡಿದವನು ಮತ್ತು ಮೋಸ ಹೋದವನು. ಮೋಸ ಹೋದವನು ದುಷ್ಟನಾಗಿದ್ದರೆ ಲೆಕ್ಕ ಚುಕ್ತಾ, ಅವನಿಗೆ ಅದೇ ಆಗಬೇಕಿತ್ತು ಅಂತೀವಿ. ಆದರೆ ವೇಷದಲ್ಲಿ ಮೂರನೆಯವನೊಬ್ಬ ಇದ್ದಾನೆ, ಯಾರ ರೂಪವನ್ನು ಎರವಲು ತಂದೆವೋ ಅವನು. ಕಾರ್ಟೂನಿನಲ್ಲಿ ಈ ಎರವಲು ಅಕ್ಷರಶಃ ನಡೆಯುತ್ತೆ. ಜ್ವಾಲಾಮುಖಿಯೊಳಗೆ ಹೂತುಹೋಗಿದ್ದ ಹಡಗಿನ ಕಂಪ್ಯೂಟರು ಎಚ್ಚೆತ್ತು, ಹೊರಗೆ ಕಣ್ಣು ಕಳಿಸಿ, ಭೂಮಿಯ ವಾಹನಗಳ ನಕಲು ತೆಗೆದು ಇವರಿಗೆ ಹೊಸ ದೇಹ ಕೊಡುತ್ತೆ. ಆ ವಾಹನದ ಯಜಮಾನನನ್ನು ಯಾರೂ ಕೇಳೋದಿಲ್ಲ. ನಕಲು ತೆಗೆದರೆ ಮೂಲಕ್ಕೆ ಏನೂ ಆಗಲ್ಲ ಅಂತ ನಮ್ಮಂಥ ಸಾಫ್ಟ್‌ವೇರ್ ಜನ ಸುಲಭವಾಗಿ ನಂಬ್ತೀವಿ. ಆಗುತ್ತೆ. ಕಾವಲುಗಾರ ದಾರಿ ಬಿಟ್ಟದ್ದು ನೂರೆಂಟನ್ನು ನೋಡಿ ಅಲ್ಲ, ಅದಕ್ಕೆ ಮುಂಚೆ ಹೋದ ಎರಡು ನಿಜವಾದ ಆಂಬುಲೆನ್ಸುಗಳನ್ನು ನೋಡಿ. ಆ ನಂಬಿಕೆ ಅವರು ದುಡಿದದ್ದು, ಖರ್ಚು ಮಾಡಿದ್ದು ನಾವು. ಖಾಲಿಯಾದದ್ದು ಮಾತ್ರ ಅವರ ಖಾತೆ.

ಹಿಂದಿ ಕಲಿತವರಲ್ಲಿ ಬಹಳ ಜನ ಸುದರ್ಶನ್ ಅವರ ‘ಹಾರ್ ಕೀ ಜೀತ್’ ಕಥೆ ಓದಿರ್ತಾರೆ. ಬಾಬಾ ಭಾರತಿಯ ಕುದುರೆಯನ್ನು ಖಡಗ್ ಸಿಂಗ್ ಅನ್ನುವ ಡಕಾಯಿತ ಅಂಗವಿಕಲನ ವೇಷದಲ್ಲಿ ಬಂದು ಹಾರಿಸಿಕೊಂಡು ಹೋಗ್ತಾನೆ. ಬಾಬಾ ಕುದುರೆ ವಾಪಸ್ ಕೇಳೋದಿಲ್ಲ. ಈ ಸಂಗತಿ ಯಾರಿಗೂ ಹೇಳಬೇಡ, ಹೇಳಿದರೆ ಜನ ಮುಂದೆ ನಿಜವಾದ ದೀನರನ್ನೂ ನಂಬೋದಿಲ್ಲ ಅಂತ ಬೇಡಿಕೊಳ್ತಾನೆ. ಸ್ಕೂಲಲ್ಲಿ ಇದನ್ನು ಬಾಬಾನ ದೊಡ್ಡತನದ ಕಥೆ ಅಂತ ಪಾಠ ಮಾಡ್ತಾರೆ. ನನಗೀಗ ಅದು ಬಹಳ ಗಟ್ಟಿಯಾದ ಲೆಕ್ಕದ ಕಥೆ ಅನ್ಸುತ್ತೆ. ಕಳ್ಳತನದಿಂದ ಬಾಬಾನಿಗೆ ಆದ ನಷ್ಟ ಒಂದು ಕುದುರೆ. ವೇಷದಿಂದ ಆಗಬಹುದಾದ ನಷ್ಟಕ್ಕೆ ಬಾಬಾ ಯಜಮಾನನೇ ಅಲ್ಲ, ಅದು ರಸ್ತೆ ಬದಿ ಬಿದ್ದಿರುವ, ಹೆಸರು ಗೊತ್ತಿಲ್ಲದ ಯಾರದ್ದೋ. ರಾವಣನ ಕಥೆಯಲ್ಲೂ ಅಷ್ಟೇ. ಮಾರೀಚ ಜಿಂಕೆಯಾದ, ಅದರಿಂದ ಜಿಂಕೆಗಳಿಗೇನೂ ತೊಂದರೆಯಿಲ್ಲ, ಅವನ್ನು ಮೊದಲೂ ಬೇಟೆ ಆಡ್ತಿದ್ದರು. ರಾವಣ ಸನ್ಯಾಸಿಯಾಗಿ ಬಂದನಲ್ಲ, ಅದರ ಬೆಲೆ ಸೀತೆ ಕೊಟ್ಟಳು. ಮರುದಿನ ಅದೇ ಕಾಡಿನಲ್ಲಿ ಭಿಕ್ಷೆಗೆ ಹೋದ ನಿಜವಾದ ಸನ್ಯಾಸಿ ಏನು ಕೊಟ್ಟ ಅಂತ ಯಾರೂ ಬರೆದಿಲ್ಲ.

ನಮ್ಮ ಕಂಪನಿಯಲ್ಲಿ ನೌಕರರನ್ನು ಪರೀಕ್ಷೆ ಮಾಡೋಕೆ ಅಂತ ಎಚ್‌ಆರ್ ಹೆಸರಿನಲ್ಲಿ ಸುಳ್ಳು ಮೇಲ್ ಕಳಿಸುವ ಪದ್ಧತಿ ಇದೆ, ಕ್ಲಿಕ್ ಮಾಡಿದವರಿಗೆ ಒಂದು ಗಂಟೆಯ ಪಾಠ. ಒಳ್ಳೆಯ ಉದ್ದೇಶವೇ. ಈಗ ಎಚ್‌ಆರ್ ನಿಜವಾಗಿಯೂ ವಿಮೆ ನವೀಕರಣದ ಮೇಲ್ ಕಳಿಸಿದರೆ ಅರ್ಧ ಜನ ಅದನ್ನು ವಂಚನೆ ಅಂತ ರಿಪೋರ್ಟ್ ಮಾಡ್ತಾರೆ. ಇದು ನಗುವ ವಿಷಯ. ನಗಲಾಗದ್ದು ಬೇರೆ ಇದೆ.

ಯುದ್ಧದ ಕಾನೂನು ಬರೆದವರಿಗೆ ಈ ಮೂರನೆಯವನು ಕಂಡಿದ್ದ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೋಕಾಲಿನ 37ನೇ ವಿಧಿ ಎರಡು ಬಗೆಯ ಮೋಸವನ್ನು ಬೇರೆ ಮಾಡುತ್ತೆ. ಮರೆಮಾಚುವ ಬಣ್ಣ, ಸುಳ್ಳು ತೋಪು, ತಪ್ಪು ಸುದ್ದಿ ಹಬ್ಬಿಸೋದು, ಇವು ಯುದ್ಧತಂತ್ರ, ಮಾಡಬಹುದು. ಆದರೆ ಶರಣಾದಂತೆ, ಗಾಯಗೊಂಡಂತೆ, ನಾಗರಿಕನಂತೆ ನಟಿಸಿ ಹತ್ತಿರ ಹೋಗಿ ಕೊಲ್ಲುವುದು ದ್ರೋಹ, ಮಾಡಕೂಡದು. ಎರಡರಲ್ಲೂ ಶತ್ರು ಮೋಸ ಹೋಗ್ತಾನೆ. ವ್ಯತ್ಯಾಸ ಇರೋದು ಯಾವ ನಂಬಿಕೆಯನ್ನು ಬಳಸಿಕೊಂಡೆವು ಅನ್ನೋದರಲ್ಲಿ. ಪೊದೆಯ ವೇಷ ಹಾಕಿದ ಸೈನಿಕನಿಂದಾಗಿ ಶತ್ರು ಮುಂದೆ ಪೊದೆಗಳಿಗೆ ಗುಂಡು ಹಾರಿಸ್ತಾನೆ, ಹಾರಿಸಲಿ. ನಾಗರಿಕನ ವೇಷ ಹಾಕಿದವನಿಂದಾಗಿ ನಾಗರಿಕರಿಗೆ ಹಾರಿಸ್ತಾನೆ. (ಅಮೆರಿಕ ಈ ಪ್ರೋಟೋಕಾಲಿಗೆ 1977ರಲ್ಲೇ ಸಹಿ ಹಾಕಿದರೂ ಅನುಮೋದಿಸಿಲ್ಲ. ಭಾರತ ಇದಕ್ಕೆ ಸೇರಿಯೇ ಇಲ್ಲ. ದೊಡ್ಡವರ ವಿಷಯ.)

ಈ ನಿಯಮದ ಪ್ರಕಾರ ಬಂಬಲ್‌ಬೀ ಕಾರುಗಳ ಸಾಲಿನಲ್ಲಿ ಸುಮ್ಮನೆ ನಿಂತು ಜೀವ ಉಳಿಸಿಕೊಳ್ಳೋದು ಒಂದು. ಅಲ್ಲಿಂದಲೇ ಎದ್ದು ಹೊಡೆಯೋದು ಇನ್ನೊಂದು. ಅವನು ಹೊಡೆದ ಕ್ಷಣದಿಂದ ಆ ಸಾಲಿನಲ್ಲಿರುವ ಎಲ್ಲಾ ಕಾರುಗಳೂ, ಅವುಗಳಲ್ಲಿ ಮಲಗಿರುವ ಮಕ್ಕಳೂ ಅನುಮಾನದ ಪಟ್ಟಿಗೆ ಸೇರಿದರು.

ಆದರೆ ಎಲ್ಲಾ ವೇಷದಲ್ಲೂ ರಕ್ತ ಹರಿಯೋದಿಲ್ಲ, ಅಲ್ಲಿ ಈ ಲೆಕ್ಕ ಕಷ್ಟ ಆಗುತ್ತೆ. 2008ರ ಜುಲೈ 2ರಂದು ಕೊಲಂಬಿಯಾದ ಸೇನೆ ಮಾನವೀಯ ನೆರವಿನ ತಂಡದ ಸೋಗಿನಲ್ಲಿ ಹೆಲಿಕಾಪ್ಟರಿನಲ್ಲಿ ಹೋಗಿ ಫಾರ್ಕ್ ಬಂಡುಕೋರರ ಸೆರೆಯಲ್ಲಿದ್ದ 15 ಒತ್ತೆಯಾಳುಗಳನ್ನು ಬಿಡಿಸಿ ತಂತು. ಅವರಲ್ಲಿ ಇಂಗ್ರಿಡ್ ಬೆಟನ್‌ಕೋರ್ಟ್ ಕೂಡ ಇದ್ದರು. ಒಂದು ಗುಂಡೂ ಹಾರಲಿಲ್ಲ. ಜಗತ್ತೆಲ್ಲಾ ಚಪ್ಪಾಳೆ ತಟ್ಟಿತು, ನಾನಿದ್ದರೂ ತಟ್ಟುತ್ತಿದ್ದೆ. ಆಮೇಲೆ ಗೊತ್ತಾಯಿತು, ಒಬ್ಬ ಸೈನಿಕ ರೆಡ್‌ಕ್ರಾಸ್ ಚಿಹ್ನೆ ಧರಿಸಿದ್ದ. ಅಧ್ಯಕ್ಷ ಉರೀಬೆ ಒಪ್ಪಿಕೊಂಡು ಕ್ಷಮೆ ಕೇಳಿದರು. ಯಾರೂ ಸಾಯದ, ಹದಿನೈದು ಜನ ಮನೆ ಸೇರಿದ ಕೆಲಸಕ್ಕೂ ಒಬ್ಬ ಅಧ್ಯಕ್ಷ ಕ್ಷಮೆ ಕೇಳಬೇಕಾಯಿತು. ನಮ್ಮ ನೂರೆಂಟರ ಆಟಗಾರನಿಗೆ ಇದು ಅತಿ ಅನ್ನಿಸಿತು. “ಹದಿನೈದು ಜನರ ಜೀವ ದೊಡ್ಡದಾ, ಒಂದು ಬಟ್ಟೆ ಚೂರು ದೊಡ್ಡದಾ?” ಅಂದ. ಆ ಬಟ್ಟೆ ಚೂರನ್ನು ನಂಬಿಕೊಂಡು, ಬೇರೆ ಯಾವ ಆಯುಧವೂ ಇಲ್ಲದೆ, ನಾಳೆ ಅದೇ ಕಾಡಿಗೆ ಔಷಧಿ ಪೆಟ್ಟಿಗೆ ಹಿಡಿದು ಹೋಗಬೇಕಾದ ಹುಡುಗಿಯನ್ನು ಕೇಳಿದರೆ ಏನಂತಾಳೋ.

ಅವಳು ಕಲ್ಪನೆಯ ಹುಡುಗಿಯಲ್ಲ. 2011ರಲ್ಲಿ ಒಸಾಮಾ ಬಿನ್ ಲಾಡೆನ್ ಅಬ್ಬೋಟಾಬಾದಿನಲ್ಲಿದ್ದಾನಾ ಅಂತ ಖಚಿತ ಮಾಡಿಕೊಳ್ಳೋಕೆ ಸಿಐಎ ಅಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನೆಪದ ಒಂದು ಅಭಿಯಾನ ನಡೆಸಿತು. ಹುಡುಕಿದ್ದು ದುಷ್ಟನನ್ನೇ, ಅದರಲ್ಲಿ ಎರಡು ಮಾತಿಲ್ಲ. ಸುದ್ದಿ ಹೊರಗೆ ಬಂತು. 2012ರ ಜೂನ್‌ನಲ್ಲಿ ವಜೀರಿಸ್ತಾನದ ಉಗ್ರರ ನಾಯಕನೊಬ್ಬ ಲಸಿಕೆ ಹಾಕುವವರೆಲ್ಲ ಬೇಹುಗಾರರಿರಬಹುದು ಅಂತ ಇದನ್ನೂ ಒಂದು ಕಾರಣ ಮಾಡಿಕೊಂಡು ಪೋಲಿಯೋ ಹನಿಯನ್ನು ನಿಷೇಧಿಸಿದ. ಅದೇ ವರ್ಷ ಡಿಸೆಂಬರಿನಲ್ಲಿ ಮನೆಮನೆಗೆ ಹೋಗ್ತಿದ್ದ ಪೋಲಿಯೋ ಕಾರ್ಯಕರ್ತರನ್ನು ಕರಾಚಿ, ಪೇಶಾವರಗಳಲ್ಲಿ ಗುಂಡಿಟ್ಟು ಕೊಂದರು. ಹೆಚ್ಚಿನವರು ಹೆಣ್ಣುಮಕ್ಕಳು. ಉಗ್ರರಿಗೆ ಬೇರೆ ನೆಪಗಳೂ ಇದ್ದವು, ಮೊದಲಿಂದಲೂ ಇದ್ದವು. ಆದರೆ ಅದುವರೆಗೆ ಹುಚ್ಚು ವದಂತಿ ಅನ್ನಬಹುದಾಗಿದ್ದ ಒಂದು ಮಾತನ್ನು ನಿಜ ಮಾಡಿಕೊಟ್ಟದ್ದು ಆ ವೇಷ. ಅಮೆರಿಕದ 12 ಸಾರ್ವಜನಿಕ ಆರೋಗ್ಯ ಶಾಲೆಗಳ ಡೀನ್‌ಗಳು 2013ರಲ್ಲಿ ಅಧ್ಯಕ್ಷ ಒಬಾಮಾಗೆ ಪತ್ರ ಬರೆದರು. 2014ರಲ್ಲಿ ಶ್ವೇತಭವನ, ಇನ್ನು ಮೇಲೆ ಲಸಿಕೆ ಕಾರ್ಯಕ್ರಮಗಳನ್ನು ಸಿಐಎ ಬಳಸೋದಿಲ್ಲ ಅಂತ ಉತ್ತರ ಕೊಟ್ಟಿತು.

“ಅದೆಲ್ಲಾ ನಿಜವಾದ ಲೋಕ. ಇದು ಪ್ಲಾಸ್ಟಿಕ್ ಆಟಿಕೆಯ ಆಟ ಮಾರಾಯ” ಅನ್ನೋ ಮಾತು ನಮ್ಮ ಮೇಜಿನಲ್ಲೂ ಬಂತು. ಅದನ್ನು ನಾನು ಹಗುರ ಮಾಡೋದಿಲ್ಲ. ಆಟದಲ್ಲಿ ಕಳ್ಳನಾದವನು ಕಳ್ಳ ಅಲ್ಲ, ದುಶ್ಶಾಸನನ ವೇಷ ಮಾಡಿದವನನ್ನು ಊರವರು ಹೊಡೆಯೋದಿಲ್ಲ. ಬೇಕೂಂತಲೇ ಡೆಸೆಪ್ಟಿಕಾನ್ ಆಗಿ ಆಡೋಕೆ ಇದೇ ಆಟದಲ್ಲಿ ಬೇರೆ ಪುಸ್ತಕ ಇದೆ, ಹಾಗೆ ಆಡೋದರಲ್ಲಿ ನನಗೆ ತಪ್ಪೇನೂ ಕಾಣ್ಸಲ್ಲ. ನನ್ನ ತಕರಾರು ಬೇರೆ. ಕೆಟ್ಟವನಾಗಿ ಆಡುವಾಗ ಕೆಟ್ಟದ್ದು ಮಾಡ್ತಿದ್ದೀನಿ ಅಂತ ಗೊತ್ತಿರುತ್ತೆ. ಇಲ್ಲಿ ನಾವು ಒಳ್ಳೆಯವರ ಪದಕ ಎದೆಗೆ ಹಚ್ಚಿಕೊಂಡಿದ್ದೆವು, ಪದಕ ಇದ್ದದ್ದರಿಂದಲೇ ಲೆಕ್ಕ ನೋಡಲಿಲ್ಲ. ಆಟದ ಪುಸ್ತಕದಲ್ಲಿ ಸೋಗು ಹಾಕೋದಕ್ಕೆ ಒಂದು ಕೌಶಲ ಇದೆ, ಮಾತಿನಲ್ಲಿ ಮರುಳು ಮಾಡೋದಕ್ಕೆ ಇನ್ನೊಂದಿದೆ, ಎರಡಕ್ಕೂ ದಾಳ ಇದೆ. ಸೋಗು ಹಾಕಿದ ಮೇಲೆ ಲೋಕದಲ್ಲಿ ಎಷ್ಟು ನಂಬಿಕೆ ಉಳೀತು ಅಂತ ಗುರುತು ಹಾಕಿಕೊಳ್ಳೋಕೆ ಪಾತ್ರದ ಹಾಳೆಯಲ್ಲಿ ಖಾನೆ ಇಲ್ಲ. ಅದಕ್ಕೆ ಪುಸ್ತಕ ಬರೆದವರನ್ನು ದೂರಲಾರೆ. ನಾವು ಆಫೀಸಿನಲ್ಲಿ ಬರೆಯುವ ಯಾವ ಡ್ಯಾಶ್‌ಬೋರ್ಡಿನಲ್ಲೂ ಆ ಖಾನೆ ಇಲ್ಲ.

ಇನ್ನೊಂದು ವಾದ ನನ್ನನ್ನು ನಿಜಕ್ಕೂ ಕಾಡಿದ್ದು. ಬಲಶಾಲಿಗೆ ವೇಷ ಬೇಡ, ಅವನು ಬಂದೂಕು ಹಿಡಿದು ಬಂದೂಕಿನ ಹಾಗೇ ಬರಬಲ್ಲ. ದುರ್ಬಲನಿಗೆ ಉಳಿದಿರೋದು ಅಡಗೋದು, ವೇಷ ಹಾಕೋದು ಅಷ್ಟೇ. ವೇಷ ಬೇಡ ಅಂದರೆ ಅವನಿಗೆ ಸೋಲು ಅಂತಲೇ ಹೇಳಿದಂತಾಗೋಲ್ವಾ? ಗೆರಿಲ್ಲಾ ಯುದ್ಧಗಳ ಇತಿಹಾಸವೆಲ್ಲ ಈ ಪ್ರಶ್ನೆಯೇ. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಗೆರೆ ಮಾತ್ರ ಕಾಣುತ್ತೆ. ದುರ್ಬಲ ತನಗಿಂತ ದುರ್ಬಲನ ಗುರಾಣಿ ತಗೊಂಡರೆ, ಅವನನ್ನು ದುರ್ಬಲ ಅಂತ ನಾವು ಇನ್ನೂ ಎಷ್ಟು ಹೊತ್ತು ಕರೀಬೇಕು? ಆಟೋಬಾಟ್‌ಗಳು ಡೆಸೆಪ್ಟಿಕಾನ್‌ಗಳಿಗಿಂತ ಕಡಿಮೆ ಬಲದವರಿರಬಹುದು. ಆಂಬುಲೆನ್ಸಿನ ನರ್ಸಿಗೆ ಹೋಲಿಸಿದರೆ ಅವರು ಇಪ್ಪತ್ತಡಿ ಎತ್ತರದ ಕಬ್ಬಿಣ.

ಇಷ್ಟೆಲ್ಲಾ ಆದ ಮೇಲೆ ಆಟ ಮತ್ತೆ ಶುರುವಾಯಿತು. ಎರಡು ಕಂತು ಕಳೆದ ಮೇಲೆ ಒಬ್ಬ ಡೆಸೆಪ್ಟಿಕಾನ್ ಶರಣಾದ. ಟ್ಯಾಂಕ್ ಆಗುವವನು. ಕಲ್ಲುಕ್ವಾರಿಯಲ್ಲಿ ಸಿಕ್ಕಿಬಿದ್ದು, ಎರಡೂ ಕೈ ಮೇಲೆತ್ತಿದ. ಅದರಲ್ಲಿ ಒಂದು ಕೈ ಫಿರಂಗಿ.

ಮನುಷ್ಯರ ಯುದ್ಧದಲ್ಲಿ ಶರಣಾಗತಿ ಅಂದರೆ ಆಯುಧ ಕೆಳಗಿಡೋದು. 1949ರ ಮೂರನೇ ಜಿನೀವಾ ಒಪ್ಪಂದದಲ್ಲಿ ಸೆರೆಸಿಕ್ಕ ಸೈನಿಕನ ಆಯುಧ ಕಿತ್ತುಕೊಳ್ಳಬಹುದು, ಆದರೆ ಅವನ ರಕ್ಷಣೆಗಿರುವ ಉಕ್ಕಿನ ಟೋಪಿ, ಗ್ಯಾಸ್ ಮಾಸ್ಕ್ ಅವನ ಹತ್ತಿರವೇ ಬಿಡಬೇಕು ಅಂತಿದೆ. ಎಷ್ಟು ಸೂಕ್ಷ್ಮ ನೋಡಿ, ಕೊಲ್ಲುವ ವಸ್ತು ಬೇರೆ, ಉಳಿಸುವ ವಸ್ತು ಬೇರೆ. ಈ ಟ್ಯಾಂಕ್ ಜೀವಿಗೆ ಎರಡೂ ಒಂದೇ ಮೈ. ಅವನು ಕೆಳಗಿಡೋಕೆ ಏನೂ ಇಲ್ಲ. ಫಿರಂಗಿ ಬಿಚ್ಚಿ ಇಟ್ಟುಕೊಳ್ಳೋಣ ಅಂದ ಒಬ್ಬ. ಅದು ನಿರಾಯುಧ ಮಾಡೋದಲ್ಲ, ಕೈ ಕತ್ತರಿಸೋದು ಅಂದಳು ಟೆಸ್ಟಿಂಗ್ ಗೆಳತಿ. ರೂಪ ಬದಲಿಸದ ಹಾಗೆ ಬೀಗ ಜಡಿಯೋಣ ಅಂದರೆ, ಈ ಜೀವಿಗಳಿಗೆ ರೂಪ ಬದಲಿಸೋದು ಅಂದರೆ ನಮಗೆ ನಡೆಯೋದು ಇದ್ದ ಹಾಗಲ್ವಾ ಅಂತ ಇನ್ನೊಂದು ಸುತ್ತು.

ಆಗ ಯಾರೋ 1986ರ ಸಿನಿಮಾ ನೆನಪಿಸಿದರು. ಟ್ರಾನ್ಸ್‌ಫಾರ್ಮರ್ಸ್‌ನ ಮೊದಲ ಅನಿಮೇಷನ್ ಚಿತ್ರ. ಬಿದ್ದಿದ್ದ ಮೆಗಾಟ್ರಾನ್ ಪ್ರಾಣಭಿಕ್ಷೆ ಕೇಳ್ತಾನೆ, ಕಣ್ಣು ಪಕ್ಕದಲ್ಲಿ ಬಿದ್ದಿರುವ ಬಂದೂಕಿನ ಮೇಲಿರುತ್ತೆ. ಆಪ್ಟಿಮಸ್ ಪ್ರೈಮ್ ಒಂದು ಕ್ಷಣ ತಡೆಯುತ್ತಾನೆ. ಹಾಟ್ ರಾಡ್ ಅನ್ನುವ ಹುಡುಗ ಮಧ್ಯೆ ನುಗ್ಗಿ, ಅವನನ್ನು ಗುರಾಣಿ ಮಾಡಿಕೊಂಡು ಮೆಗಾಟ್ರಾನ್ ಗುಂಡು ಹಾರಿಸ್ತಾನೆ. ಆಪ್ಟಿಮಸ್ ಸಾಯ್ತಾನೆ. ಅಮೆರಿಕದ ಥಿಯೇಟರುಗಳಲ್ಲಿ ಮಕ್ಕಳು ಬಿಕ್ಕಿಬಿಕ್ಕಿ ಅತ್ತರಂತೆ. ಸಾಯಿಸಿದ್ದಕ್ಕೆ ನಿಜವಾದ ಕಾರಣ ಹಳೇ ಆಟಿಕೆ ತೆಗೆದು ಹೊಸದಕ್ಕೆ ಜಾಗ ಮಾಡೋದು, ಅದು ಬೇರೆ ವಿಷಯ. ಅಳು ಹೆಚ್ಚಾಗಿ 1987ರಲ್ಲಿ ಅವನನ್ನು ವಾಪಸ್ ಕರೆತಂದರು. ಆದರೆ ಆ ಮಕ್ಕಳು ಆ ದೃಶ್ಯದಿಂದ ಏನು ಕಲಿತಿರಬಹುದು? ಶರಣಾದವನನ್ನು ನಂಬಬೇಡ ಅಂತಲೇ ಅಲ್ವಾ. ಮೆಗಾಟ್ರಾನ್ ಕೊಂದದ್ದು ಒಬ್ಬನನ್ನಲ್ಲ. ಇನ್ನು ಮುಂದೆ ನಿಜವಾಗಿ ಕೈ ಎತ್ತುವ ಪ್ರತಿಯೊಬ್ಬ ಡೆಸೆಪ್ಟಿಕಾನಿನ ದಾರಿಯನ್ನೂ ಮುಚ್ಚಿಬಿಟ್ಟ. ನೂರೆಂಟು ಮಾಡಿದ್ದೂ ಅದನ್ನೇ, ಬೇರೆ ಬಾಗಿಲಿಗೆ.

ಮೇಜಿನ ಈ ಕಡೆ ಕೂತ ನಾನು ಟ್ಯಾಂಕಿನ ಪಾತ್ರ ಆಡಬೇಕಿತ್ತು. ನಿನ್ನನ್ನು ಹೇಗೆ ನಂಬೋದು ಅಂತ ಅವರು ಕೇಳಿದಾಗ, ಅವನು ನೂರೆಂಟಿನ ಕಡೆ ನೋಡಿ, ನನ್ನ ಹತ್ತಿರ ಮಾತು ಬಿಟ್ಟು ಬೇರೇನೂ ಇಲ್ಲ, ನಿಮ್ಮ ಹತ್ತಿರ ಅದೂ ಇಲ್ಲವಲ್ಲ ಅಂದ. ಇದು ನಾನು ಮೊದಲೇ ಯೋಚಿಸಿಟ್ಟ ಸಂಭಾಷಣೆ ಅಲ್ಲ. ಬಾಯಿಗೆ ಬಂತು.

ಸೆರೆಯಾಳನ್ನು ಅವನ ಮಾತಿನ ಮೇಲೆ ಬಿಡುವ ಪದ್ಧತಿ ಹಳೇ ಯುದ್ಧಗಳಲ್ಲಿತ್ತು, 1949ರ ಒಪ್ಪಂದದಲ್ಲೂ ಅದಕ್ಕೆ ಜಾಗ ಇದೆ. ಕೊನೆಗೆ ನಮ್ಮವರು ಅದನ್ನೇ ಆರಿಸಿಕೊಂಡರು. ಫಿರಂಗಿ ಬಿಚ್ಚಲಿಲ್ಲ, ಬೀಗ ಜಡಿಯಲಿಲ್ಲ. ಕ್ವಾರಿಯ ಒಳಗೆ ಅವನು, ಬಾಯಲ್ಲಿ ಕಾವಲಿಗೆ ನೂರೆಂಟು. ಅವನು ಬಾಗಿಲು, ಬಾನೆಟ್ಟಿನ ಮೇಲಿದ್ದ ಚಿಹ್ನೆಯನ್ನೆಲ್ಲಾ ಕೆರೆದು ತೆಗೆದಿದ್ದಾನೆ, ಈಗ ನೋಡೋಕೆ ಯಾವುದೋ ತರಕಾರಿ ವ್ಯಾನಿನ ಹಾಗಿದ್ದಾನೆ. ಸೆರೆಯಾಳಿನ ಮನಸ್ಸಲ್ಲಿ ಏನಿದೆ ಅಂತ ನಾನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟಿದ್ದೀನಿ. ದಾಳ ಹಾಕಿ ಅದನ್ನು ತಿಳಿದುಕೊಳ್ಳೋಕೆ ನಿಯಮದಲ್ಲಿ ಅವಕಾಶ ಇದೆ. ನಾಲ್ಕು ಜನರಲ್ಲಿ ಯಾರೂ ಇನ್ನೂ ದಾಳ ಕೇಳಿಲ್ಲ.